ತಿಪ್ಪೆಯಲ್ಲಿ ಇನ್ನೂರೊಂದು ದಿನ

2022ರಲ್ಲಿ ನಾನು ಹೊಸಕೋಟೆ ಕಡೆಯ ಒಂದು ಕ್ಯಾರಿ ಬ್ಯಾಗ್ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಚಾರ್ಜ್ ಆಗಿದ್ದೆ. ತೆಳು ಪ್ಲಾಸ್ಟಿಕ್ ಚೀಲ ನಿಷೇಧವಾದ ಮೇಲೆ ನಮ್ಮ ಮೆಷಿನ್‌ಗಳು ಕಾಂಪೋಸ್ಟಬಲ್ ಚೀಲಕ್ಕೆ, ಅಂದರೆ ಕೊಳೆತು ಗೊಬ್ಬರವಾಗುವ ಚೀಲಕ್ಕೆ ತಿರುಗಿದ್ದವು. ನನ್ನ ಕೆಲಸ ದೊಡ್ಡದೇನಲ್ಲ. ರೋಲ್‌ನ ದಪ್ಪ ಅಳೆಯುವುದು, ಹಿಡಿ ಜಗ್ಗಿ ನೋಡುವುದು, ಅಚ್ಚಾದ ಅಕ್ಷರ ಓದುವುದು, ಕೊನೆಗೆ ರಿಲೀಸ್ ಶೀಟ್‌ಗೆ ಸಹಿ ಹಾಕುವುದು. ಆ ಸಹಿ ಬೀಳದೆ ಮಾಲು ಗೇಟು ದಾಟುವಂತಿರಲಿಲ್ಲ. ಚೀಲದ ಮೇಲೆ ಒಂದು ಹಸಿರೆಲೆ, ಅದರ ಕೆಳಗೆ "180 ದಿನಗಳಲ್ಲಿ ಮಣ್ಣಿಗೆ ಮರಳುತ್ತದೆ" ಎಂಬ ಸಾಲು. ಲ್ಯಾಬ್ ರಿಪೋರ್ಟ್ ಬಂದಾಗ ಮೊದಲ ಪುಟದ 'ಪಾಸ್' ನೋಡಿ ಫೈಲಿಗೆ ಸೇರಿಸಿದವಳು ನಾನೇ.

ಆಯುಧಪೂಜೆಯ ದಿನ ನಮ್ಮಲ್ಲಿ ಎಲ್ಲರಿಗೂ ಕಡಲೆಪುರಿ ಹಂಚುತ್ತಾರೆ. ಆ ವರ್ಷ ಎಲೆಯ ಬಣ್ಣ ಆಚೀಚೆಯಾಗಿ ರಿಜೆಕ್ಟ್ ಆಗಿದ್ದ ಚೀಲಗಳ ಎರಡು ಕಟ್ಟನ್ನೂ ಕೇಳಿ ಪಡೆದು, ನಮ್ಮೂರು ಬೂದಿಗೆರೆಯ ಬಸ್ಸು ಹತ್ತಿದೆ. ಪಕ್ಕದ ಮನೆಯ ಸಾಕಮ್ಮನಿಗೆ ಕೊಟ್ಟೆ. ಎರಡು ಹಸು, ಒಂದು ಎಕರೆ ರಾಗಿ ಹೊಲ ಅವಳದು. "ಕಸ ತುಂಬಿ ಹಂಗೇ ತಿಪ್ಪೆಗೆ ಹಾಕು, ಕರಗ್ತದೆ" ಅಂದೆ. ನನ್ನ ಮಾತೆಂದರೆ ಅವಳಿಗೆ ಅಚ್ಚಾದ ಮಾತು. ಹಬ್ಬದ ಕಸ ತುಂಬಿದ ಚೀಲಗಳು ಅವತ್ತೇ ತಿಪ್ಪೆಗೆ ಬಿದ್ದವು. ಗ್ಯಾಸ್ ಬಂದ ದಿನ, ಹಾಲು ಬರದ ದಿನ ಎಲ್ಲವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವ ಅಭ್ಯಾಸ ನನಗೆ. ಇದನ್ನೂ ಬರೆದೆ.

ಮರುವರ್ಷ ಉಗಾದಿ ಕಳೆದು ಒಂದು ತಿಂಗಳಿಗೆ, ಭಾನುವಾರ ಬೆಳಿಗ್ಗೆ, ಹೊಲಕ್ಕೆ ಗೊಬ್ಬರ ಹೊಡೆಯಲು ಸಾಕಮ್ಮ ಟ್ರ್ಯಾಕ್ಟರ್ ಕರೆಸಿದ್ದಳು. ತಿಪ್ಪೆ ಅಗೆಯುತ್ತಿದ್ದವಳು ಅಲ್ಲಿಂದಲೇ ಕೂಗಿದಳು.

"ಲೇ ಜಯಾ, ಬಾರೇ ಇಲ್ಲಿ. ನಿನ್ ಎಲೆ ಇನ್ನೂ ಬಾಡೇ ಇಲ್ವಲ್ಲೇ!"

ಹೋಗಿ ನೋಡಿದೆ. ಸಗಣಿ ಕಪ್ಪಾಗಿ ಪುಡಿಯಾಗಿತ್ತು. ಹುಲ್ಲು ಗುರುತು ಸಿಗುತ್ತಿರಲಿಲ್ಲ. ಚೀಲಗಳು ಮಾತ್ರ ಸ್ವಲ್ಪ ಹಳದಿಯಾಗಿ, ಗಂಟು ಬಿಚ್ಚದೆ, ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದವು. ನೀರು ಸುರಿದರೆ '180' ಓದಲು ಬರುತ್ತಿತ್ತು. ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಎಣಿಸಿದೆ. ಇನ್ನೂರೊಂದು ದಿನ.

"ಇದ್ನ ಹೊಲಕ್ಕೆ ಹೊಡದ್ರೆ ನೇಗಿಲಿಗೆ ಸುತ್ಕೊಳ್ಳಲ್ವಾ? ಹಸ ಬಾಯಿಗೆ ಹಾಕ್ಕಂಡ್ರೆ?" ಅಂದಳು. ಟ್ರ್ಯಾಕ್ಟರ್ ವಾಪಸ್ ಹೋಯಿತು. ಸಂಜೆವರೆಗೆ ಇಬ್ಬರೂ ಕೂತು ಆರಿಸಿದೆವು. ಸಾಕಮ್ಮ ಬೈಯಲಿಲ್ಲ. ಬೈದಿದ್ದರೆ ಬೆನ್ನು ನೋವಾದರೂ ಕಡಿಮೆ ಅನ್ನಿಸುತ್ತಿತ್ತು.

ಸೋಮವಾರ ಫೈಲ್ ತೆಗೆದು ರಿಪೋರ್ಟನ್ನು ಕೊನೆಯ ಪುಟದವರೆಗೆ ಓದಿದೆ. ಪರೀಕ್ಷೆ ನಡೆದದ್ದು 58 ಡಿಗ್ರಿ ಬಿಸಿಯಲ್ಲಿ, ಅದೂ ಒಂದೇ ಸಮನೆ. ಅಷ್ಟು ಬಿಸಿ ತಿಂಗಳುಗಟ್ಟಲೆ ನಿಲ್ಲುವುದು ಕೈಗಾರಿಕಾ ಕಾಂಪೋಸ್ಟ್ ಘಟಕದಲ್ಲಿ. ಊರಿನ ತಿಪ್ಪೆ ಒಂದಷ್ಟು ದಿನ ಹಬೆಯಾಡಿ ತಣ್ಣಗಾಗಿಬಿಡುತ್ತದೆ. ಅದೇ ವಾರ ಅದೇ ಸಾಲು ಅಚ್ಚಾದ ಚೀಲಗಳ ದೊಡ್ಡದೊಂದು ಲೋಡು ಹೊರಡುವುದಿತ್ತು. ಶೀಟು ನನ್ನ ಮೇಜಿನ ಮೇಲಿತ್ತು. ಚೀಲದ ಮೇಲಿನ ಸಾಲು ಬದಲಿಸಬೇಕೆಂದು ಒಂದು ನೋಟ್ ಬರೆದು, ಎರಡನ್ನೂ ಹಿಡಿದು ಪ್ಲಾಂಟ್ ಮ್ಯಾನೇಜರ್ ಹತ್ತಿರ ಹೋದೆ.

"ರಿಪೋರ್ಟ್ ಸುಳ್ಳು ಅಂತೀರಾ ಮೇಡಂ?"

"ಸುಳ್ಳಲ್ಲ ಸರ್. ಅದು 58 ಡಿಗ್ರಿ ಮಾತು. ಸಾಕಮ್ಮನ ತಿಪ್ಪೆ ಅಷ್ಟು ಬಿಸಿ ಇರಲ್ಲ."

"ಯಾರ್ರೀ ಸಾಕಮ್ಮ?"

"ಚೀಲದ ಮೇಲಿರೋದನ್ನ ನಂಬೋರು."

ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಕೆಟ್ಟವರಲ್ಲ. ಅವರಿಗೂ ಮೇಲಿನಿಂದ ಫೋನ್ ಬರುತ್ತಿತ್ತು. "ಕೊನೇ ಪುಟ ಯಾರ್ ಓದ್ತಾರೆ, ಬಿಡಿ."

"ನಾನೂ ಓದಿರಲಿಲ್ಲ ಸರ್," ಅಂದು ಶೀಟನ್ನು ಸಹಿ ಇಲ್ಲದೆ, ನೋಟಿನ ಜೊತೆ ಅವರ ಮೇಜಿನ ಮೇಲಿಟ್ಟೆ.

ಮಧ್ಯಾಹ್ನ ಅವರೇ ಸಹಿ ಹಾಕಿದರು. ಲಾರಿ ಹೋಯಿತು. ಮುಂದಿನ ತಿಂಗಳು ನನ್ನನ್ನು ಸ್ಟೋರ್ಸ್‌ಗೆ ಹಾಕಿದರು. ಈಗಲೂ ಅಲ್ಲೇ ಇದ್ದೇನೆ. ನಾನು ಬರೆದುಕೊಟ್ಟ ನೋಟ್ ಪೂರ್ತಿ ವ್ಯರ್ಥವಾಯಿತು ಎನ್ನಲಾರೆ. ಮಳೆಗಾಲದ ಹೊತ್ತಿಗೆ ಬಂದ ಹೊಸ ಚೀಲದಲ್ಲಿ "ಕೈಗಾರಿಕಾ ಕಾಂಪೋಸ್ಟ್ ಘಟಕದಲ್ಲಿ ಮಾತ್ರ" ಎಂದು ಸೇರಿಸಿದ್ದರು, ಸಾಸಿವೆ ಗಾತ್ರದ ಅಕ್ಷರದಲ್ಲಿ. ಎಲೆ ಮೊದಲಿಗಿಂತ ದೊಡ್ಡದಾಗಿತ್ತು. ಸಾಕಮ್ಮನಿಗೆ ತೋರಿಸಿದೆ. ದೂರ ಹಿಡಿದಳು, ಹತ್ತಿರ ಹಿಡಿದಳು. "ಕಸ ಹಾಕಕ್ಕೂ ಕನ್ನಡ್ಕ ಮಾಡಿಸ್ಬೇಕಾ ಈಗ?" ಅಂದಳು.

ಪಾಸ್ ಆಗಿದೆಯೇ ಎಂದು ಕೇಳುವ ಮೊದಲು ಎಲ್ಲಿ ಪಾಸ್ ಆಯಿತು ಎಂದು ಕೇಳಬೇಕಿತ್ತು. ಇಷ್ಟನ್ನು ಕಲಿಯಲು ನನಗೆ ಹತ್ತೊಂಬತ್ತು ವರ್ಷದ ನೌಕರಿ, ಒಂದು ತಿಪ್ಪೆ ಬೇಕಾಯಿತು. ಮೊನ್ನೆ ಸಾಕಮ್ಮ ಅಂಗಡಿಯಿಂದ ಎಲೆ ಗುರುತಿನ ಸೋಪಿನ ಪೊಟ್ಟಣ ತಂದು, "ಈ ಕವರು ಕರಗ್ತದೇನೇ?" ಅಂತ ಕೇಳಿದಳು. ಅದೇ ನಂಬಿಕೆಯ ದನಿ.

"ಗೊತ್ತಿಲ್ಲ ಸಾಕಮ್ಮ," ಅಂದೆ. "ಗೊತ್ತಾಗೋವರೆಗೂ ತಿಪ್ಪೆಗೆ ಹಾಕ್ಬೇಡ."