ನನ್ನ ಕಡೆಯ ಒಂದೂವರೆ ಅಡಿ

ಫಿಟ್ಟರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಕಾರ್ಖಾನೆಯಲ್ಲಿದ್ದಾಗ ಯಾವುದೋ ಕಬ್ಬಿಣದ ಪಟ್ಟಿ ಬಿದ್ದು ಹಾಗಾದದ್ದಂತೆ. ಆ ಬೆರಳೇ ಅವರ ಅಳತೆಗೋಲು. ತಾವು ಸಾಕಿದ ಬಾತುಕೋಳಿಗಳಿಗೆ ಬೇಲಿ ಹಾಕಲು ಜಾಲರಿ ತರಲು ಹೋದಾಗ, ಅಂಗಡಿಯ ಒಂದೊಂದು ಸುರುಳಿಯ ಕಣ್ಣಿಗೂ ಆ ಹೆಬ್ಬೆರಳನ್ನು ತೂರಿಸಿ ನೋಡಿದ್ದರಂತೆ. ತೂರಿದ್ದೆಲ್ಲ ಬೇಡ. “ನನ್ನ ಹೆಬ್ಬೆಟ್ಟು ಹೋದ್ರೆ ಮುಂಗುಸಿ ಮೂತಿ ಹೋಗುತ್ತೆ ಟೀಚರಮ್ಮ. ಮೂತಿ ಹೋದ್ಮೇಲೆ ಮಿಕ್ಕಿದ್ದು ತಾನಾಗೇ ಹೋಗುತ್ತೆ” ಎಂದು ನನಗೆ ವಿವರಿಸಿದ್ದರು.

ಭದ್ರಾವತಿಯಲ್ಲಿ ನಮ್ಮ ಪಕ್ಕದ ಮನೆ ಅವರದು. ಕಾರ್ಖಾನೆಯಿಂದ ನಿವೃತ್ತರಾದ ಫಿಟ್ಟರು. ತಂದೆ ತಮಿಳುನಾಡಿನಿಂದ ಕೆಲಸ ಹುಡುಕಿಕೊಂಡು ಬಂದವರು. ಇವರು ಇಲ್ಲೇ ಹುಟ್ಟಿ ಇಲ್ಲೇ ಓದಿದವರು, ಆದರೂ ಎಣಿಸುವುದು ಮಾತ್ರ ತಮಿಳಿನಲ್ಲೇ. ಬೀದಿಯಲ್ಲಿ ಕುಕ್ಕರಿನ ಹಿಡಿ ಮುರಿದರೂ ಬಾಗಿಲಿನ ಕೀಲು ಕಳಚಿದರೂ ಅವರ ಜಗಲಿಗೆ ಬರುತ್ತಿತ್ತು. ರಿಪೇರಿ ಮುಗಿಸಿ, ವಸ್ತುವನ್ನು ಎರಡು ಸಲ ಅಲ್ಲಾಡಿಸಿ, “ಇನ್ನು ಇದು ನಮಗಿಂತ ಜಾಸ್ತಿ ದಿನ ಬಾಳುತ್ತೆ ಮಾ” ಎಂದು ಕೊಡುತ್ತಿದ್ದರು. ನನ್ನ ಗೇಟಿಗೆ ಕೊಕ್ಕೆ ಮಾಡಿಕೊಟ್ಟವರೂ ಅವರೇ. ನಾನು ಕೇಳಿರಲಿಲ್ಲ. ನನ್ನ ಗೇಟು ಸದಾ ತೆರೆದಿರುತ್ತಿತ್ತು, ಬೀದಿನಾಯಿಗಳು ನನ್ನ ಅಂಗಳದಲ್ಲಿ ಮಲಗಿ ಅವರ ಬಾತುಗಳ ಮೇಲೆ ಕಣ್ಣಿಡುತ್ತಿದ್ದವು. ಕೊಕ್ಕೆ ಹಾಕಿಕೊಟ್ಟ ಮೇಲೂ ನಾನು ಮರೆಯುತ್ತಿದ್ದೆ. ಹಾಗಾಗಿ “ಗೇಟು ಹಾಕ್ಕೊಂಡ್ರಾ ಮಾ?” ಎನ್ನುವುದು ಅವರು ನನಗೆ ದಿನಾ ಹೇಳುವ ನಮಸ್ಕಾರದಂತಾಗಿತ್ತು.

ಬಾತುಗಳು ಒಂಬತ್ತಿದ್ದವು. ಹೊಳಲೂರು ಕಡೆ ಭತ್ತ ಕೊಯ್ದ ಗದ್ದೆಗಳಲ್ಲಿ ಬಾತು ಮೇಯಿಸಲು ಬಂದು ಬಿಡಾರ ಹೂಡುವವರಿಂದ ಮರಿಗಳನ್ನು ತಂದಿದ್ದರು. ಸಂಜೆ ಸ್ಟೀಲ್ ತಟ್ಟೆ ಬಡಿದು, ಹೆಂಡತಿ ಕಲಸಿಟ್ಟ ತೌಡು ತೋರಿಸಿ, “ಒಣ್ಣು, ರೆಂಡು, ಮೂಣು” ಎಂದು ಎಣಿಸುತ್ತಾ ಗೂಡಿಗೆ ತುಂಬುತ್ತಿದ್ದರು. ಹದ್ದು ಬರದಂತೆ ಮೇಲೆ ಮೀನಿನ ಬಲೆ ಕಟ್ಟಿದ್ದರು. ಸೋಗಾನೆಗೆ ವಿಮಾನ ಇಳಿಯಲು ಶುರುವಾದ ಮೇಲೆ, ಅದು ಹಾದುಹೋಗುವಾಗ ಒಂಬತ್ತೂ ತಲೆ ಓರೆ ಮಾಡಿ ಒಂದೇ ಕಣ್ಣಲ್ಲಿ ಆಕಾಶ ನೋಡುತ್ತಿದ್ದವು. ಫಿಟ್ಟರು ಅವನ್ನು ನೋಡಿ ಮಗುವಿನಂತೆ ನಗುತ್ತಿದ್ದರು.

ನನಗೆ ನಗು ಬರುತ್ತಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಪೇಪರ್ ತಿದ್ದಲು ಕೂತರೆ ಆ ಗದ್ದಲಕ್ಕೆ ತಲೆ ಚಿಟ್ಟು ಹಿಡಿಯುತ್ತಿತ್ತು. ಅವು ಈಜುವ ಟಬ್ಬಿನ ನೀರು ಹರಿದು ನನ್ನ ಕಡೆ ಕೆಸರಾಗುತ್ತಿತ್ತು. ಒಳ್ಳೆಯವರಲ್ಲವೇ ಎಂದು ಬಾಯಿ ಮುಚ್ಚಿಕೊಂಡಿದ್ದೆ, ಅಷ್ಟೆ. ಬೇಲಿ ಹಾಕುವಾಗ ಅವರು ನನ್ನ ಕಡೆಯ ಒಂದೂವರೆ ಅಡಿ ಜಾಗ ಕೇಳಿದ್ದರು. ಜಾಲರಿಯನ್ನು ಬೇಲಿಯ ಬುಡದಿಂದ ಹೊರಕ್ಕೆ ಮಡಿಚಿ ಮಣ್ಣಿನಡಿ ಹಾಸಬೇಕಂತೆ. “ನಾಯಿ ಬೇಲಿ ಬುಡದಲ್ಲೇ ಅಗೆಯೋದು ಟೀಚರಮ್ಮ. ಉಗುರಿಗೆ ತಂತಿ ಸಿಕ್ಕಿದ್ರೆ ಬಿಟ್ಟು ಹೋಗುತ್ತೆ. ಎರಡು ಹೆಜ್ಜೆ ಹಿಂದಕ್ಕೆ ಬಂದು ಅಗೆಯೋ ಬುದ್ಧಿ ಅದಕ್ಕಿಲ್ಲ.” ಆಗಲಿ ಎಂದು ನಾನೇ ಒಪ್ಪಿದ್ದೆ.

ಎರಡು ವರ್ಷದ ಹಿಂದೆ, ಮೊದಲ ಮಳೆ ಬಿದ್ದಾಗ, ಆಯನೂರಿನ ನಮ್ಮ ಅಕ್ಕ ಒಂದು ಪೇರಲೆ ಕಸಿ ಗಿಡ ಕಳಿಸಿದಳು. ಬಿಸಿಲು ಚೆನ್ನಾಗಿ ಬೀಳುವುದು ಬೇಲಿಯ ಪಕ್ಕದಲ್ಲೇ. ಅಗೆದೆ, ಹಾರೆ ಜಾಲರಿಗೆ ತಗುಲಿತು. ಎರಡಡಿ ಈಚೆ ನೆಟ್ಟಿದ್ದರೆ ಆಗುತ್ತಿತ್ತು. ಆದರೆ ಅಂದು ನನಗೆ ಹಳೆಯದೆಲ್ಲ ನೆನಪಾಯಿತು: ಕೆಸರು, ವಾಸನೆ, ಗಲಾಟೆ. ಅಷ್ಟಕ್ಕೂ ಜಾಗ ನಂದು ತಾನೆ ಅಂದುಕೊಂಡೆ. ಫಿಟ್ಟರ ಜಗಲಿಗೆ ಹೋಗಿ, ಬಟ್ಟೆ ಒಣಗಿಸುವ ತಂತಿ ಸರಿಮಾಡಬೇಕು ಎಂದು ಸುಳ್ಳು ಹೇಳಿ ಅವರ ಕಟಿಂಗ್ ಪ್ಲೇಯರ್ ಇಸಿದುಕೊಂಡು ಬಂದೆ. ಹಿಡಿಕೆಯನ್ನು ಬಟ್ಟೆಯಲ್ಲಿ ಒರೆಸಿ ಕೊಟ್ಟರು. ಅವರ ಪ್ಲೇಯರಿನಿಂದಲೇ ಅವರ ಜಾಲರಿಯನ್ನು ಬೇಲಿಯ ಬುಡದವರೆಗೆ ಕತ್ತರಿಸಿ ತೆಗೆದು, ಗಿಡ ನೆಟ್ಟು, ಮಣ್ಣು ಮುಚ್ಚಿದೆ. ನಾಯಿಗಿಲ್ಲದ ಬುದ್ಧಿ ನನಗಿತ್ತು.

ಅದೇ ಮಳೆಗಾಲದಲ್ಲಿ, ಆಡಿ ಕೃತ್ತಿಕೆ ಹಬ್ಬದ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಬಾತುಗಳನ್ನು ಗೂಡಿನಿಂದ ಬೇಲಿಯೊಳಕ್ಕೆ ಬಿಟ್ಟು ಸುಬ್ರಹ್ಮಣ್ಯನ ಗುಡಿಗೆ ಹೋಗಿದ್ದರು. ನಾನು ವಾಕಿಂಗಿಗೆ ಹೋದೆ. ಗೇಟು ಹಾಕಲಿಲ್ಲ. ವಾಪಸ್ ಬಂದಾಗ ನನ್ನ ಅಂಗಳದಿಂದ ಮೂರು ನಾಯಿಗಳು ಓಡಿದವು. ಪೇರಲೆ ಗಿಡದ ಪಕ್ಕದ ಸಡಿಲ ಮಣ್ಣಿನಲ್ಲಿ ದೊಡ್ಡ ಕನ್ನ. ಬೇಲಿಯೊಳಗೆ ಏಳು ಬಾತುಗಳು ಸತ್ತು ಬಿದ್ದಿದ್ದವು. ನಾಯಿಗಳು ಒಂದನ್ನೂ ತಿಂದಿರಲಿಲ್ಲ, ಸುಮ್ಮನೆ ಕಚ್ಚಿ ಎಸೆದಿದ್ದವು. ಉಳಿದೆರಡು ಟಬ್ಬಿನ ನೀರಿನಲ್ಲಿ ಅಲುಗಾಡದೆ ಕೂತಿದ್ದವು.

ಅವರು ಬಂದಾಗ ನಾನು ಅಲ್ಲೇ ನಿಂತಿದ್ದೆ. ಫಿಟ್ಟರ ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ನನ್ನ ಕಡೆಗೆ ಬಂದು ಕುಕ್ಕರುಗಾಲಲ್ಲಿ ಕೂತು, ಕನ್ನದೊಳಗೆ ಕೈಹಾಕಿ ಜಾಲರಿಯ ತುದಿಯನ್ನು ಎಳೆದರು. ಸೀಳಿದ ಆ ಹೆಬ್ಬೆರಳನ್ನು ತಂತಿಯ ತುದಿಗಳ ಮೇಲೆ ನಿಧಾನವಾಗಿ ಆಡಿಸಿದರು. ಒಂದೊಂದು ತುದಿಯೂ ನುಣುಪಾಗಿ, ಚೂಪಾಗಿ ತುಂಡಾಗಿತ್ತು. ಇಡೀ ಆಯುಷ್ಯ ಕಬ್ಬಿಣ ಮುಟ್ಟಿದವರಿಗೆ ತುಕ್ಕು ಹಿಡಿದು ಮುರಿದ ತಂತಿ ಯಾವುದು, ಕತ್ತರಿಸಿದ ತಂತಿ ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ನಾನು ಏನಾದರೂ ಹೇಳುತ್ತೇನೆಂದು ಕಾದರು. ನಾನು ಸೆರಗು ಸರಿಮಾಡಿಕೊಂಡೆ.

“ಏನಾಯ್ತ್ರೀ?” ಎಂದು ಹೆಂಡತಿ ಬೇಲಿಯಾಚೆಯಿಂದ ಕೇಳಿದರು.

“ನಂದೇ ತಪ್ಪು,” ಅಂದರು ಫಿಟ್ಟರು. “ಇಲ್ಲಿ ಜಾಲರಿ ಗಿಡ್ಡ ಹಾಕ್ಬಿಟ್ಟಿದ್ದೀನಿ. ಕೈ ಮೊದಲಿನ ಹಾಗಿಲ್ಲ.”

ನಾಚಿಕೆಯಲ್ಲಿ ಇದಕ್ಕಿಂತ ಕೆಳಗೆ ಇಳಿಯಲಾಗದು ಅಂದುಕೊಂಡಿದ್ದೆ. ಮರುದಿನ ಎದುರು ಮನೆಯಾಕೆ “ಫಿಟ್ಟರಿಗೆ ವಯಸ್ಸಾಯ್ತು ಅಲ್ವಾ?” ಎಂದಾಗ, “ಹೌದು ಮಾರಾಯ್ತಿ, ಪಾಪ, ಕೈ ನಡುಗುತ್ತೆ” ಎಂದೆ. ಅವರ ಕೈ ನಡುಗುತ್ತಿರಲಿಲ್ಲ. ಆದರೆ ಮಾತು ಬೀದಿಯಲ್ಲೆಲ್ಲ ಹಬ್ಬಿತು. ಉಳಿದ ಎರಡು ಬಾತುಗಳನ್ನು ಹೆಂಡತಿ ಯಾರಿಗೋ ಕೊಟ್ಟುಬಿಟ್ಟರು. ಕುಕ್ಕರುಗಳು ಬಜಾರಿನ ಅಂಗಡಿಗೆ ಹೋಗತೊಡಗಿದವು. ಫಿಟ್ಟರು ಖಾಲಿ ಜಗಲಿಯಲ್ಲಿ ಪೇಪರ್ ಹಿಡಿದು ಕೂತಿರುತ್ತಿದ್ದರು. ಪ್ಲೇಯರನ್ನು ಮಾತ್ರ ಅವರು ಒಂದು ದಿನವೂ ವಾಪಸ್ ಕೇಳಲಿಲ್ಲ. ಒಂದು ಸ್ಕ್ರೂ ಕಳೆದರೂ ಹುಡುಕುವ ಮನುಷ್ಯ. ಅವರಿಗೆ ಎಲ್ಲ ಗೊತ್ತೆನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅದು ನನ್ನ ಅಡುಗೆಮನೆಯ ಡ್ರಾಯರಿನಲ್ಲಿ ಬಿದ್ದಿತ್ತು, ಚಮಚ ತೆಗೆಯುವಾಗಲೆಲ್ಲ ಕೈಗೆ ತಗುಲುತ್ತಿತ್ತು.

ಪೇರಲೆ ಕಾಯಿ ಬಿಟ್ಟಿತು. ಮೊದಲ ಹಣ್ಣುಗಳನ್ನು ಅವರ ಮನೆಗೇ ಕಳಿಸಿದೆ. ಯಾವ ಮುಖ ಇಟ್ಟುಕೊಂಡು ಕಳಿಸಿದೆನೋ ತಿಳಿಯದು. “ಒಳ್ಳೇ ರುಚಿ ಇದೆ ಮಾ” ಅಂದರು, ಅಷ್ಟೆ.

ಈ ವರ್ಷ ಅವರನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ಇವತ್ತು ಹೇಳಿಯೇ ಬಿಡುತ್ತೇನೆ ಎಂದುಕೊಂಡು ಬಸ್ಸು ಹತ್ತಿದೆ. ಹೆಂಡತಿ ಊಟಕ್ಕೆ ಹೋದಾಗ ನಾವಿಬ್ಬರೇ ಇದ್ದೆವು. ಅವರು ಕಣ್ಣು ಬಿಟ್ಟು, “ಗೇಟು ಹಾಕ್ಕೊಂಡು ಬಂದ್ರಾ ಮಾ?” ಎಂದರು. “ಹಾಕಿದೀನಿ” ಎಂದೆ. ಅವರು ತಲೆಯಾಡಿಸಿ ಮತ್ತೆ ಕಾದರು, ಅಂದು ಕನ್ನದ ಬಳಿ ಕಾದಂತೆಯೇ. ಬರುತ್ತೇನೆ ಎಂದು ಎದ್ದುಬಿಟ್ಟೆ. ನಾಲ್ಕನೆಯ ದಿನ ಅವರು ತೀರಿಕೊಂಡರು.

ಹದಿನಾರನೆಯ ದಿನದ ಕಾರ್ಯ ಮುಗಿದ ಮೇಲೆ ಪ್ಲೇಯರ್ ತೆಗೆದುಕೊಂಡು ಹೋಗಿ ಅವರ ಹೆಂಡತಿಯ ಎದುರು ಕೂತು, ಒಂದೂ ಬಿಡದೆ ಎಲ್ಲವನ್ನೂ ಹೇಳಿದೆ. ಆಕೆ ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. ಪ್ಲೇಯರನ್ನು ಮಡಿಲಲ್ಲಿಟ್ಟುಕೊಂಡು ಅದರ ಹಿಡಿಕೆಯನ್ನು ಸೆರಗಿನಿಂದ ಒರೆಸಿದರು.

“ಎರಡು ವರ್ಷ ಆ ಕೈನ ಬೈಕೊಂಡು ಬಂದೆ ಟೀಚರಮ್ಮ,” ಅಂದರು. “ಒಂದು ಸ್ಟೂಲಿನ ಕಾಲು ಸರಿಮಾಡ್ತೀನಿ ಅಂದ್ರೂ ಬಿಡ್ಲಿಲ್ಲ. ನಿಮ್ಮ ಕೈಲಿ ಆಗಲ್ಲ, ಸುಮ್ನೆ ಕೂತ್ಕೊಳ್ಳಿ ಅಂತಿದ್ದೆ. ಸರಿ ಅಂತ ಕೂತ್ಕೊಳ್ಳೋರು.”

ನಾನು ಎದ್ದು ಮನೆಗೆ ಬಂದೆ. ಗೇಟು ಎಳೆದುಕೊಂಡು ಅವರು ಮಾಡಿಕೊಟ್ಟ ಕೊಕ್ಕೆ ಹಾಕಿದೆ. ಹಿಡಿದು ಎರಡು ಸಲ ಅಲ್ಲಾಡಿಸಿ ನೋಡಿದೆ. ಒಂದಿಷ್ಟೂ ಸಡಿಲವಾಗಿರಲಿಲ್ಲ.