ಹಳೆಯ ಲೆಡ್ಜರುಗಳ ಕೋಣೆಯಲ್ಲಿ ನಾನು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ವಿಶ್ವವಿದ್ಯಾನಿಲಯವೊಂದರ ಪರೀಕ್ಷಾ ವಿಭಾಗದಲ್ಲಿ ಗುಮಾಸ್ತೆ. ನಂಜನಗೂಡಿನಿಂದ ದಿನಾ ಬಸ್ಸಿನಲ್ಲಿ ಮೈಸೂರಿಗೆ. ತಾಂಡವಪುರದಲ್ಲಿ ಒಂದಷ್ಟು ಜನ ಇಳಿಯುವವರೆಗೂ ನಿಂತೇ ಪ್ರಯಾಣ. ಬಡ್ತಿ ಪಟ್ಟಿಯಲ್ಲಿ ನನ್ನ ಹೆಸರು ಯಾಕಿಲ್ಲ ಎಂದು ಕೇಳಿದ ಮರುವಾರವೇ ನನ್ನನ್ನು ಹಳೆಯ ದಾಖಲೆಗಳ ಸೀಟಿಗೆ ಹಾಕಿದರು. ಅದು ಶಿಕ್ಷೆಯ ಸೀಟು ಎಂದು ಎಲ್ಲರಿಗೂ ಗೊತ್ತಿತ್ತು.

ಕೆಲಸ ಬಿಡುತ್ತೇನೆಂದು ಕವಲಂದೆಯಲ್ಲಿದ್ದ ಅಪ್ಪನಿಗೆ ಹೇಳಿದೆ.

"ಬುಡಂಗಿದ್ರೆ ಬುಡವ್ವ. ಅವ್ರು ಮೂಲೆಗಾಕುದ್ರು ಅಂತ ಮಾತ್ರ ಬುಡ್ಬ್ಯಾಡ" ಎಂದರು.

ಬಿಡಲಿಲ್ಲ. ಕೆಲವು ದಿನಗಳ ಮೇಲೆ ತಿ. ನರಸೀಪುರದ ಕಡೆಯ ಹೆಂಗಸೊಬ್ಬರು ಬಂದರು. ಮೇಷ್ಟ್ರ ಕೆಲಸಕ್ಕೆ ಆಯ್ಕೆಯಾಗಿದ್ದರು, ಪದವಿಯ ಅಂಕಪಟ್ಟಿ ಕಳೆದುಹೋಗಿತ್ತು.

"ಶುಕ್ರವಾರ ತೋರುಸ್ದಿದ್ರೆ ಕೆಲ್ಸ ತಪ್ಪೋಯ್ತದೆ ಕಣಕ್ಕ."

ಅಂದು ಬುಧವಾರ. ನಕಲು ಪ್ರತಿ ಕೊಡಲು ಅಂಕಗಳನ್ನು ಬರೆದಿಟ್ಟ ಆ ವರ್ಷದ ಹಳೆಯ ಲೆಡ್ಜರ್ ಬೇಕು. "ಅದು ಸಿಗಲ್ಲ. ಅರ್ಜಿ ಕೊಟ್ಟು ಹೋಗೋಕೆ ಹೇಳಿ" ಎಂದರು ಸೂಪರಿಂಟೆಂಡೆಂಟರು.

"ಲೆಡ್ಜರ್ ಕೋಣೆ ಬೀಗ ತೆಗೆಸಿ ಸಾರ್, ನಾನೇ ಹುಡುಕ್ತೀನಿ."

ಲೆಡ್ಜರುಗಳು ವರ್ಷದ ಲೆಕ್ಕವಿಲ್ಲದೆ ಎದೆಯೆತ್ತರಕ್ಕೆ ರಾಶಿ ಬಿದ್ದಿದ್ದವು. ಮರುದಿನ ಮಧ್ಯಾಹ್ನ ಸಿಕ್ಕಿತು. ಟೈಪು ಮಾಡಿ, ತಾಳೆ ನೋಡಿ, ಸಹಿ ಹಾಕಿಸುವಷ್ಟರಲ್ಲಿ ನಾಲ್ಕು ಗಂಟೆ. ಬೆಳಿಗ್ಗೆಯಿಂದ ಕಾದಿದ್ದ ಆಕೆ ತಮ್ಮ ಹೆಸರನ್ನು ಎರಡು ಸಲ ಓದಿಕೊಂಡು, ನನ್ನ ಕೈ ಹಿಡಿದುಕೊಂಡರು. ಧೂಳಿಗೆ ನನ್ನ ಕಣ್ಣು ಕೆಂಪಾಗಿತ್ತು. ಆದರೂ ಅಂದು ಬಸ್ಸಿನಲ್ಲಿ ನಿಂತದ್ದು ಗೊತ್ತೇ ಆಗಲಿಲ್ಲ.

ಮರುದಿನ ಬೆಳಿಗ್ಗೆ ನೇರ ಸೂಪರಿಂಟೆಂಡೆಂಟರ ಮುಂದೆ ನಿಂತೆ. "ಆ ಕೋಣೆ ನನಗೆ ಬಿಡಿ ಸಾರ್. ಆರು ತಿಂಗಳಲ್ಲಿ ಎಲ್ಲಾ ಜೋಡಿಸ್ತೀನಿ."

"ಜನ ಕೊಡೋಕಾಗಲ್ಲ."

"ಬೇಡ. ಒಂದು ಏಣಿ, ಒಂದು ಟ್ಯೂಬ್‌ಲೈಟು ಸಾಕು."

ಅವರು ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು: "ಕೂತ್ಕೊಳ್ಳಿ, ಹೇಗೆ ಮಾಡ್ತೀರಿ ಹೇಳಿ."

ಆರಲ್ಲ, ಎಂಟು ತಿಂಗಳು ಹಿಡಿಯಿತು. ಬಡ್ತಿಗಾಗಿ ಅರ್ಜಿ ಬರೆಯುವುದನ್ನೂ ನಿಲ್ಲಿಸಲಿಲ್ಲ. ಮೂರನೆಯ ಅರ್ಜಿಗೆ ಶಿಫಾರಸು ಬರೆದವರು ಅದೇ ಸೂಪರಿಂಟೆಂಡೆಂಟರು. ಬಡ್ತಿ ತಡವಾಗಿಯಾದರೂ ಬಂತು.

ಅದಕ್ಕೂ ಸ್ವಲ್ಪ ಮುಂಚೆ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಪ್ರಶ್ನಾವಳಿ ಹಿಡಿದು ಬಂದಿದ್ದಳು. ಸಂಬಳ, ಬಡ್ತಿ, ಮೇಲಧಿಕಾರಿ. ಯಾವುದರಿಂದ ಕೆಲಸದಲ್ಲಿ ತೃಪ್ತಿ ಎಂಬ ಪ್ರಶ್ನೆ. ಬಡ್ತಿಯ ಮುಂದೆ 'ಇಲ್ಲ' ಎಂದು ಒತ್ತಿ ಬರೆದೆ. ನನ್ನ ಉತ್ತರ ಆ ಪಟ್ಟಿಯಲ್ಲಿರಲಿಲ್ಲ. ಆಮೇಲೆ ಅವಳನ್ನು ಕೋಣೆಗೆ ಕರೆದುಕೊಂಡು ಹೋಗಿ, "ಯಾವ ವರ್ಷದ ಲೆಡ್ಜರ್ ಬೇಕು, ಕೇಳಮ್ಮ" ಎಂದೆ.

ಅವಳು ತನ್ನ ತಾಯಿ ಪಾಸಾದ ವರ್ಷ ಹೇಳಿದಳು. ನಾನು ಏಣಿ ಹತ್ತಿದೆ.