ಹಂಚಿನ ಮುಖದ ಮನುಷ್ಯ

ಆ ಗ್ಲಾಸುಗಳನ್ನು ನಾನು ಮೂರು ಸಲ ಕುದಿಸಿದ್ದೆ. ಒಮ್ಮೆ ಸೋಡಾ ಹಾಕಿ, ಒಮ್ಮೆ ಲಿಂಬೆ ಹಿಂಡಿ, ಮತ್ತೊಮ್ಮೆ ಸುಮ್ಮನೆ, ಮನಸ್ಸಿನ ಸಮಾಧಾನಕ್ಕೆ. ಆದರೂ ಮೂಸಿ ನೋಡುತ್ತಿದ್ದೆ. ಇಲಿ ಹಿಕ್ಕೆಯ ವಾಸನೆ ಗ್ಲಾಸಿನಲ್ಲಿತ್ತೋ ನನ್ನ ಮೂಗಿನಲ್ಲಿತ್ತೋ ಹೇಳಲಾರೆ.

ನಾನು ಜೇವರ್ಗಿಯ ಶಾಲೆಯೊಂದರಲ್ಲಿ ಚಿತ್ರಕಲಾ ಮಾಸ್ತರ. ವಯಸ್ಸು ಐವತ್ತರ ಹತ್ತಿರ, ಕಿಸೆಯಲ್ಲಿ ಸದಾ ಬಿಪಿ ಗುಳಿಗೆ. ಅಫಜಲಪುರ ಸೀಮೆಯ ನಮ್ಮೂರಿನಲ್ಲಿ ರಸ್ತೆ ಅಗಲ ಮಾಡುವಾಗ ಹಳೆಯ ಚಹಾದಂಗಡಿಯೊಂದನ್ನು ಕೆಡವಿದರು. ಅದರ ತಗಡಿನ ಸೂರಿನ ಸಂದಿಯಲ್ಲಿ ನಾಲ್ಕು ಗ್ಲಾಸುಗಳಿದ್ದವು. ಒಂದು ಕಾಲಕ್ಕೆ ನಮ್ಮ ಓಣಿಯವರು ಅಲ್ಲಿ ಚಹಾ ಕುಡಿಯಬೇಕಾದರೆ ತಾವೇ ಆ ಸಂದಿಯಿಂದ ಗ್ಲಾಸು ತೆಗೆದು, ತೊಳೆದು, ಕೆಳಗೆ ಹಿಡಿಯಬೇಕಿತ್ತು. ಅಂಗಡಿಯವರು ಮೇಲಿನಿಂದ ಸುರಿಯುತ್ತಿದ್ದರು. ಕುಡಿದ ಮೇಲೆ ತೊಳೆದು ಮತ್ತೆ ಅಲ್ಲೇ ಸಿಕ್ಕಿಸಬೇಕು. ಅಂಗಡಿಯವರ ಮಗನಿಗೆ ಇದೊಂದೂ ಗೊತ್ತಿರಲಿಲ್ಲ. ಹಳೆಯ ಸಾಮಾನು ಎಂದು ಖುಷಿಯಿಂದ ಕೊಟ್ಟ. ನಾನೂ ಥ್ಯಾಂಕ್ಸ್ ಹೇಳಿ ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಆ ಥ್ಯಾಂಕ್ಸ್ ನೆನಪಾಗಿ ಬಾಯಿ ಕಹಿಯಾಯಿತು.

ಅದಕ್ಕೂ ಮೊದಲು ಮೊಬೈಲಿನಲ್ಲಿ ಅಮೆರಿಕದ ಕಪ್ಪು ಜನಾಂಗದ ಶಿಲ್ಪಿಯೊಬ್ಬರ ಕೆಲಸ ನೋಡಿದ್ದೆ. ಸುಟ್ಟ ಕಟ್ಟಿಗೆ, ಬಾಟಲಿ ಮುಚ್ಚಳ, ತುಕ್ಕು ಹಿಡಿದ ಇಸ್ತ್ರಿಪೆಟ್ಟಿಗೆ, ಹೀಗೆ ಬಿಸಾಡಿದ್ದನ್ನೆಲ್ಲ ಕೂಡಿಸಿ ತಮ್ಮವರ ಮುಖ ಮಾಡಿದ್ದರು. ಅವ್ವನಿಗೆ ತೋರಿಸಿದೆ.

"ನಮ್ಮ ಮಂದಿ ಇದ್ದಂಗ ಅದಾರಲ್ಲೋ," ಅಂದಳು.

ನನಗೆ ನಾಚಿಕೆಯಾಯಿತು. ಮದುವೆಗೆ ಮುಂಚೆ ಎರಡು ವರ್ಷ ಬೆಳ್ಳಗಾಗುವ ಕ್ರೀಮು ಹಚ್ಚಿಕೊಂಡು, ಹೆಣ್ಣಿನ ಕಡೆಯವರಿಗೆ ಕಳಿಸಿದ ಚೀಟಿಯಲ್ಲಿ ‘ಗೋಧಿ ಬಣ್ಣ’ ಎಂದು ಬರೆಸಿದವನು ನಾನು. ಗೋಧಿ ಹೊತ್ತಿ ಹೋದರೆ ನನ್ನ ಬಣ್ಣ ಬರಬಹುದು.

ಹೀಗಾಗಿ ಒಬ್ಬ ಮನುಷ್ಯನನ್ನು ಮಾಡಿದೆ. ರೊಟ್ಟಿ ಬೇಯಿಸಿ ಬೇಯಿಸಿ ಕರ್ರಗಾದ ಕಬ್ಬಿಣದ ಹಂಚು ಅವನ ಮುಖ, ಡಾಂಬರು ಡಬ್ಬಿಯ ತಗಡು ಎದೆ, ಹಳೆಯ ಗಾಡಿಯ ಬೋಲ್ಟುಗಳು ಬೆರಳು. ಬೆಂಚಿನ ಒಂದು ಬದಿಗೆ ಕೂತು ಕೈ ಚಾಚಿದ್ದಾನೆ. ಅಂಗೈ ಮೇಲೆ ಆ ನಾಲ್ಕು ಗ್ಲಾಸು. ಮಗ್ಗುಲಲ್ಲಿ ಜಾಗ ಖಾಲಿ, ಮುಂದೆ ಕೆಟಲಿಯಲ್ಲಿ ಬಿಸಿ ಚಹಾ. ಬಂದವರು ಅವನ ಪಕ್ಕ ಕೂತು ಅದೇ ಗ್ಲಾಸಿನಲ್ಲಿ ಕುಡಿಯಬೇಕು. ಒಬ್ಬರಾದರೂ ಕುಡಿದಾರೇ ಎಂಬುದರ ಮೇಲೆಯೇ ನನ್ನ ಶಿಲ್ಪ ನಿಂತಿತ್ತು. ಕುಡಿದವರಿಗೆ ವಾಂತಿಯಾದರೆ ಏನು ಗತಿ ಎಂಬ ಚಿಂತೆಯೂ ಜೊತೆಗಿತ್ತು.

ಪ್ರದರ್ಶನ ಕಾಲೇಜೊಂದರ ಹಾಲಿನಲ್ಲಿ. ವ್ಯವಸ್ಥೆ ನೋಡಿಕೊಂಡವರು ನಮ್ಮ ಶಾಲೆಯ ಕನ್ನಡ ಮಾಸ್ತರರು; ಯಡ್ರಾಮಿ ಕಡೆ ದೊಡ್ಡ ಹೊಲ ಇದ್ದವರು, ವೇದಿಕೆ ಹತ್ತಿದರೆ ವಚನ ಹೇಳದೆ ಇಳಿಯದವರು. ಹಂಚಿಗೆ ಬಂಗಾರದ ಬಣ್ಣ ಬಳಿದರೆ ಎದ್ದು ಕಾಣುತ್ತದೆಂದು ಮೊದಲೇ ಸಲಹೆ ಕೊಟ್ಟಿದ್ದರು. ಬೇಡವೆಂದಿದ್ದೆ. ಬೆಳಿಗ್ಗೆ ಬಂದು ನೋಡಿದರೆ ಕೆಟಲಿಯ ಪಕ್ಕದಲ್ಲಿ ಕಾಗದದ ಲೋಟಗಳ ಸಾಲು.

"ಇವ್ಯಾಕ್ರಿ ಸರ್?" ಎಂದೆ.

"ಮಂದಿಗೆ ಮುಜುಗರ ಆಗಬಾರದ್ರಿ. ಈಗ ಎಲ್ಲಾರಿಗೂ ಒಂದೇ ನಮೂನಿ, ಭೇದ ಇಲ್ಲ ಏನಿಲ್ಲ," ಎಂದು ನಿಜವಾದ ಪ್ರೀತಿಯಿಂದಲೇ ನಕ್ಕರು.

ಮಂದಿ ಬಂದರು. ಹಂಚಿನ ಮನುಷ್ಯನ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡರು. ಸಮಾನತೆ ಎಂದರು. ಕಾಗದದ ಲೋಟದಲ್ಲಿ ಕುಡಿದು, ಹಿಚುಕಿ, ಅವನ ಕಾಲ ಬುಡಕ್ಕೇ ಒಗೆದರು. ಒಂದರೊಳಗೆ ಗುಟಖಾ ಉಗುಳಿತ್ತು. ಕೆಟಲಿಯ ಪಕ್ಕದ ಆ ಲೋಟಗಳ ಸಾಲನ್ನು ಎತ್ತಿ ಹೊರಗೆ ಹಾಕುವ ಧೈರ್ಯ ನನಗಿರಲಿಲ್ಲ. ಇಟ್ಟವರು ಸಹೋದ್ಯೋಗಿ, ನಾಳೆ ಮುಖ ನೋಡಬೇಕಲ್ಲ. ಅವರೆಲ್ಲರ ಮೇಲೆ ಬಂದ ಹೇಸಿಗೆ ತಿರುಗಿ ನನ್ನ ಮೇಲೇ ಬಂತು. ನಾನಾದರೂ ಕುಡಿಯೋಣವೆಂದು ಒಂದು ಗ್ಲಾಸಿಗೆ ಚಹಾ ಬಗ್ಗಿಸಿಕೊಂಡೆ. ತುಟಿಯ ತನಕ ಬಂತು. ಮತ್ತೆ ಅದೇ ವಾಸನೆ. ಇಳಿಸಿಬಿಟ್ಟೆ. ಯಾರೂ ನೋಡಲಿಲ್ಲ ಎಂದುಕೊಂಡೆ.

ಅವ್ವ ನೋಡಿದ್ದಳು. ಮಧ್ಯಾಹ್ನದ ಬಸ್ಸಿಗೆ ಬಂದು ಬಾಗಿಲಲ್ಲೇ ನಿಂತಿದ್ದಳು. ಗ್ಲಾಸಿನ ವಿಷಯ ಅವಳಿಗೆ ಬೇಕೆಂತಲೇ ಹೇಳಿರಲಿಲ್ಲ. ನೋಡಿ ಕಣ್ಣೀರು ಹಾಕಬಹುದು, ಅದನ್ನು ನಾಲ್ಕು ಜನ ನೋಡಬಹುದು ಎಂಬ ಆಸೆ ನನ್ನೊಳಗೆ ಇತ್ತು. ಈಗ ಬರೆಯುವಾಗಲೂ ಅಸಹ್ಯವಾಗುತ್ತದೆ. ಅವಳು ಅಳಲಿಲ್ಲ.

"ಈ ದರಿದ್ರ ಮತ್ತ ಯಾಕ ತಂದಿ?"

ಮಂದಿಗೆ ತಿಳಿಯಲಿ ಎಂದು ಗೊಣಗಿದೆ.

"ಇದರಾಗ ಜಿರಳಿ ಓಡಾಡ್ತಿದ್ವು. ಬೆರಳ ಹಾಕಿ ತಗದು ನಾ ಕುಡೀತಿದ್ದೆ. ನಿನಗ ಒಂದ ಗುಟುಕ ಆಗಲಿಲ್ಲ, ಬ್ಯಾರೆಯವರಿಗೆ ಕುಡೀರಿ ಅಂತೀ?"

ಅಷ್ಟರಲ್ಲಿ ಕನ್ನಡ ಮಾಸ್ತರರು ಕಾಗದದ ಲೋಟದಲ್ಲಿ ಚಹಾ ಹಿಡಿದು, ಬರ್ರಿ ಅವ್ವಾರ ಎನ್ನುತ್ತ ಬಂದರು. ಅವ್ವ ಲೋಟ ನೋಡಿದಳು, ಅವರನ್ನು ನೋಡಿದಳು.

"ನಿಮ್ಮ ಮನಿಯಾಗ ನೀವು ಯಾತರಾಗ ಕುಡೀತೀರಿ, ಮಾಸ್ತರ?"

ಸ್ಟೀಲಿನ ಲೋಟದಲ್ಲಿ ಎಂದರು.

"ಹಂಗಾದ್ರ ಮನೀಗೇ ಬಂದು ಕುಡೀತೇನಿ ತಗೋರಿ."

ಬರ್ರಿ, ಬರ್ರಿ ಎಂದರು ಅವರು. ಯಾವತ್ತು ಎಂದು ಹೇಳಲಿಲ್ಲ.

ಅವ್ವ ಬೆಂಚಿನ ಖಾಲಿ ಜಾಗದಲ್ಲಿ ಕೂತು, ಗ್ಲಾಸುಗಳನ್ನು ತೆಗೆಯಲು ಹೇಳಿದಳು. ಶಿಲ್ಪದ ಪಕ್ಕದ ಫಲಕದ ಮೇಲೆ ಅವುಗಳ ಬಗ್ಗೆಯೇ ಹದಿನೈದು ಸಾಲು ಬರೆದಿದ್ದೆ. ಅದನ್ನೇನು ಮಾಡುವುದೆಂದು ಚಿಂತಿಸುತ್ತಲೇ ಒಂದೊಂದಾಗಿ ತೆಗೆದು ಚೀಲಕ್ಕೆ ಹಾಕಿದೆ. ಬರಿದಾದ ಕಬ್ಬಿಣದ ಅಂಗೈಯನ್ನು ಅವಳು ತನ್ನ ಕೈಯಲ್ಲಿ ಹಿಡಿದು ಜಗ್ಗಿ ನೋಡಿದಳು.

"ಅಲಗಾಡತದ ಲೇ. ಯಾರರ ಹಿಡದ್ರ ಕಿತ್ತು ಬರ್ತದ. ಬಿಗಿ ಮಾಡು."

ಬೋಲ್ಟು ತಿರುಗಿಸುವ ಪಾನಾ ಹುಡುಕಲು ಎದ್ದೆ. ನಾನು ಮರಳಿ ಬರುವ ತನಕ ಅವಳು ಆ ಕೈ ಬಿಟ್ಟಿರಲಿಲ್ಲ.